ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲವೇ? ಹೆಸರಿಲ್ಲದೆ ಅಭಿಪ್ರಾಯ ಕೇಳುವ ಸರಿಯಾದ ಕ್ರಮ

‘ಮೀಟಿಂಗ್‌ನಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರೆ ಎಲ್ಲರೂ ಇಲ್ಲ ಸರ್, ಎಲ್ಲ ಓಕೆ ಅಂತಾರೆ. ಹತ್ತು ನಿಮಿಷ ಬಿಟ್ಟು ಟೀ ಅಂಗಡಿ ಮುಂದೆ ಅದೇ ತೊಂದರೆ ಬಗ್ಗೆ ಮಾತಾಡ್ತಿರ್ತಾರೆ. ಹೆಸರು ಕೇಳದ ಫಾರ್ಮ್ ಒಂದು ಕಳಿಸಿದರೆ ಸರಿಹೋಗುತ್ತಾ?’ ಹೊಸದಾಗಿ ಟೀಮ್ ಲೀಡ್ ಆದವರು, ಸಣ್ಣ ಕಂಪನಿಗಳ ಎಚ್.ಆರ್. ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಫಾರ್ಮ್ ಕಳಿಸುವುದು ಅರ್ಧ ಗಂಟೆಯ ಕೆಲಸ. ಉತ್ತರ ಬಂದ ಮೇಲಿನ ಒಂದು ವಾರದಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನುವುದನ್ನು ಜನ ನೋಡುತ್ತಾರೆ. ಮುಂದಿನ ಸಲ ನಿಜ ಬರೆಯಬೇಕೋ ಬೇಡವೋ ಅಂತ ಅವರು ತೀರ್ಮಾನಿಸುವುದು ಆ ವಾರದಲ್ಲೇ. ಆ ವಾರಕ್ಕೆ ನೀವು ತಯಾರಿಲ್ಲ ಅಂದರೆ ಈಗಲೇ ಫಾರ್ಮ್ ಕಳಿಸಬೇಡಿ. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದೇ ಇರುವುದೇ ವಾಸಿ.

ಮೊದಲು ಎರಡು ಮಾತು

‘ಸೈಕಲಾಜಿಕಲ್ ಸೇಫ್ಟಿ’ ಅಂದರೆ ಕೆಲಸದ ಜಾಗದಲ್ಲಿ ‘ನನಗೆ ಗೊತ್ತಾಗಲಿಲ್ಲ’, ‘ನನ್ನಿಂದ ತಪ್ಪಾಯಿತು’, ‘ಈ ಪ್ಲಾನ್ ನಡೆಯಲ್ಲ ಅನ್ನಿಸುತ್ತೆ’ ಅಂತ ಹೇಳಿದರೂ ನನ್ನ ಮರ್ಯಾದೆಗಾಗಲಿ ಕೆಲಸಕ್ಕಾಗಲಿ ಧಕ್ಕೆ ಇಲ್ಲ ಅನ್ನುವ ನಂಬಿಕೆ. ಎಲ್ಲರೂ ಎಲ್ಲರ ಜೊತೆ ಸಿಹಿಯಾಗಿ ಮಾತಾಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಟ್ಟಿ ದನಿಯಲ್ಲಿ ವಾದ ಮಾಡುವ ಟೀಮ್‌ನಲ್ಲೂ ಇದು ಇರಬಹುದು.

ಈ ಮಾತನ್ನು ಟೀಮ್‌ಗಳ ಸಂದರ್ಭದಲ್ಲಿ ಹೆಚ್ಚು ಬಳಕೆಗೆ ತಂದವರು ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಎಮಿ ಎಡ್ಮಂಡ್‌ಸನ್. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಒಳ್ಳೆಯ ಟೀಮ್‌ಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ತಿರುಗುಮುರುಗಾಗಿತ್ತು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ವಾರ್ಡುಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ವಾರ್ಡಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಅನ್ನುವುದು ಅವರಿಗೆ ಹೊಳೆದ ಕಾರಣ. ನಿಮ್ಮ ಟೀಮ್‌ಗೂ ಇದು ಅನ್ವಯಿಸುತ್ತದೆ. ಮೊದಲ ಫಾರ್ಮ್‌ನಲ್ಲಿ ದೂರುಗಳ ರಾಶಿ ಬಂದರೆ ಗಾಬರಿಯಾಗಬೇಡಿ. ಎಲ್ಲರೂ 5ಕ್ಕೆ 5 ಕೊಟ್ಟಿದ್ದರೆ ಆಗ ಯೋಚನೆ ಮಾಡಿ.

ಇನ್ನೊಂದು ವ್ಯತ್ಯಾಸವೂ ತಿಳಿದಿರಲಿ. ‘ಅನಾಮಧೇಯ’ ಅಂದರೆ ಬರೆದವರು ಯಾರು ಅಂತ ಯಾರಿಗೂ ಗೊತ್ತಾಗಲು ಸಾಧ್ಯವೇ ಇಲ್ಲ. ‘ಗೋಪ್ಯ’ ಅಂದರೆ ಒಬ್ಬರಿಗೆ ಗೊತ್ತಿರುತ್ತದೆ, ಅವರು ಹೇಳುವುದಿಲ್ಲ. ಎರಡೂ ಉಪಯೋಗಕ್ಕೆ ಬರುತ್ತವೆ. ಆದರೆ ಗೋಪ್ಯ ಫಾರ್ಮನ್ನು ಅನಾಮಧೇಯ ಅಂತ ಹೇಳಿ ಕಳಿಸಿದರೆ ಅದು ಮೋಸ, ಸಿಕ್ಕಿಬೀಳುವ ಮೋಸ.

ಏನೇನು ಬೇಕು

ಕನಿಷ್ಠ 5 ಜನ ಉತ್ತರ ಕೊಡುವಷ್ಟು ದೊಡ್ಡ ಟೀಮ್. ಉತ್ತರಗಳನ್ನು ಮೊದಲು ಓದಲು ಟೀಮ್‌ನ ಹೊರಗಿನ ಒಬ್ಬರು. ಹೆಸರು ಹಿಡಿಯದ ಒಂದು ಫಾರ್ಮ್ ಅಥವಾ ಪೆಟ್ಟಿಗೆ. ಉತ್ತರ ಬಂದ ವಾರದಲ್ಲೇ ಒಂದು ಗಂಟೆಯ ಮೀಟಿಂಗ್‌ಗೆ ಈಗಲೇ ಗೊತ್ತು ಮಾಡಿದ ದಿನ. ಇಷ್ಟು ಸಾಕು, ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಅಗತ್ಯ ಇಲ್ಲ.

ಟೀಮ್‌ನಲ್ಲಿ ಮೂರೋ ನಾಲ್ಕೋ ಜನ ಇದ್ದರೆ ಈ ದಾರಿ ಬೇಡ. ಏನು ಬರೆದರೂ ಗುರುತು ಸಿಗುತ್ತದೆ. ಪಕ್ಕದ ಟೀಮ್ ಜೊತೆ ಸೇರಿಸಿ ಕೇಳಿ. ಇಲ್ಲವೇ ಹೊರಗಿನ ಒಬ್ಬರು ಪ್ರತಿಯೊಬ್ಬರ ಜೊತೆ ಮಾತಾಡಿ ಸಾರಾಂಶ ಮಾತ್ರ ನಿಮಗೆ ತಿಳಿಸಲಿ.

ಹಂತ 1: ಸಮಯ ನೋಡಿ ಕೇಳಿ

ಅಪ್ರೈಸಲ್, ಅಂದರೆ ಸಂಬಳ ಏರಿಕೆಗೆ ಮೊದಲು ನಡೆಯುವ ಕೆಲಸದ ಮೌಲ್ಯಮಾಪನ, ಮುಗಿಯುವವರೆಗೆ ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಆಫೀಸುಗಳಲ್ಲಿ ಎಲ್ಲರ ತಲೆಯಲ್ಲೂ ಹೈಕ್ ಲೆಕ್ಕವೇ ಓಡುತ್ತಿರುತ್ತದೆ. ಆಗ ಕೇಳಿದರೆ ಬರುವುದು ಹೊಗಳಿಕೆ ಮಾತ್ರ. ಯಾರನ್ನೋ ಕೆಲಸದಿಂದ ತೆಗೆದ ವಾರ, ಕ್ಲೈಂಟ್ ಎಸ್ಕಲೇಷನ್ ಆದ, ಅಂದರೆ ಕ್ಲೈಂಟ್ ಮೇಲಿನವರಿಗೆ ದೂರು ಕೊಟ್ಟ ವಾರ ಕೂಡ ಬೇಡ. ‘ಯಾರು ಹೊಣೆ ಅಂತ ಹುಡುಕುತ್ತಿದ್ದಾರೆ’ ಅಂದುಕೊಳ್ಳುತ್ತಾರೆ.

ಹಂತ 2: ಉತ್ತರ ಯಾರು ಓದುತ್ತಾರೆ ಅಂತ ಮೊದಲೇ ತೀರ್ಮಾನಿಸಿ

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅಪ್ರೈಸಲ್ ಬರೆಯುವ ಮ್ಯಾನೇಜರ್ ಕೈಗೇ ಮೂಲ ಉತ್ತರಗಳು ನೇರವಾಗಿ ಹೋದರೆ ಹೆಸರಿಲ್ಲ ಅನ್ನುವ ಭರವಸೆಗೆ ಬೆಲೆ ಇರುವುದಿಲ್ಲ.

ವಿಮಾನಯಾನದವರು ಈ ಪಾಠ ಕಲಿತದ್ದು ಹೀಗೆ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಇಳಿಯುತ್ತಿದ್ದ ಟಿ.ಡಬ್ಲ್ಯು.ಎ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ 92 ಜನರೂ ಸತ್ತರು. ಸುಮಾರು ಆರು ವಾರ ಮೊದಲು ಬೇರೆ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಕೂದಲೆಳೆಯಲ್ಲಿ ಪಾರಾಗಿತ್ತು. ಅದು ಆ ಕಂಪನಿಯೊಳಗೆ ಗೊತ್ತಿತ್ತು, ಉಳಿದ ಪೈಲಟ್‌ಗಳಿಗೆ ತಲುಪಿರಲಿಲ್ಲ. ಇದಾದ ಮೇಲೆ 1976ರಲ್ಲಿ ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುವ ವ್ಯವಸ್ಥೆ ಶುರುವಾಯಿತು. ಈ ವ್ಯವಸ್ಥೆ ನಡೆಸಲು ದುಡ್ಡು ಕೊಡುವುದು ಪೈಲಟ್‌ಗಳ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರುವ ಎಫ್.ಎ.ಎ., ಅಂದರೆ ಅಮೆರಿಕದ ವಿಮಾನಯಾನ ಇಲಾಖೆ. ಆದರೆ ವರದಿ ಹೋಗುವುದು ಶಿಕ್ಷೆ ಕೊಡುವ ಅಧಿಕಾರವೇ ಇಲ್ಲದ ನಾಸಾಗೆ. ಏನಾದರೂ ಕೇಳಬೇಕಿದ್ದರೆ ನಾಸಾದವರು ಫೋನ್ ಮಾಡಿ ಕೇಳುತ್ತಾರೆ. ಆಮೇಲೆ ಹೆಸರಿರುವ ಚೀಟಿಯನ್ನು ಬರೆದವರಿಗೇ ವಾಪಸ್ ಕಳಿಸಿಬಿಡುತ್ತಾರೆ. ಇದು ಗೋಪ್ಯ ವ್ಯವಸ್ಥೆ, ಅನಾಮಧೇಯ ಅಲ್ಲ. ಆದರೂ ಜನ ನಂಬಿ ಬರೆಯುತ್ತಾರೆ, ಇವತ್ತಿಗೂ.

ನಿಮ್ಮಲ್ಲಿ ನಾಸಾ ಆಗುವವರು ಯಾರು? ಇನ್ನೊಂದು ವಿಭಾಗದ ಹಿರಿಯರು ಆಗಬಹುದು. ಟೀಮ್‌ನವರೇ ಆರಿಸಿದ ಒಬ್ಬರು ಆಗಬಹುದು. ಎಚ್.ಆರ್. ಆದರೆ ಸರಿ, ಆದರೆ ಎಚ್.ಆರ್.ನವರು ನಿಮ್ಮ ಜೊತೆ ದಿನಾ ಊಟಕ್ಕೆ ಹೋಗುವವರಾಗಿದ್ದರೆ ಬೇಡ. ಅವರು ಮೂಲ ಉತ್ತರ ಓದಿ, ಗುರುತು ಸಿಗುವ ಮಾತುಗಳನ್ನು ತೆಗೆದು, ವಿಷಯವಾರು ಬರೆದು ನಿಮಗೆ ಕೊಡಬೇಕು. ಯಾರು ಓದುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ ಅನ್ನುವುದನ್ನು ಫಾರ್ಮ್‌ನ ಮೇಲೆಯೇ ಬರೆಯಿರಿ.

ಹಂತ 3: ಫಾರ್ಮ್‌ನಲ್ಲಿ ಗುರುತು ಸೋರುವ ತೂತುಗಳನ್ನು ಮುಚ್ಚಿ

ಹೆಸರಿನ ಕಾಲಂ ತೆಗೆದರೆ ಸಾಕು ಅನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ. ನಿಧಾನವಾಗಿ ನೋಡೋಣ.

ಗೂಗಲ್ ಫಾರ್ಮ್ಸ್ ಬಳಸುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ‘ಡು ನಾಟ್ ಕಲೆಕ್ಟ್’ ಮಾಡಿ. ‘ಲಿಮಿಟ್ ಟು 1 ರೆಸ್ಪಾನ್ಸ್’ ಆನ್ ಮಾಡಿದರೆ ಬರೆಯುವವರು ಲಾಗಿನ್ ಆಗಲೇಬೇಕು. ಅವರ ಇಮೇಲ್ ನಿಮಗೆ ಕಾಣುವುದಿಲ್ಲ ನಿಜ. ಆದರೆ ಅವರ ಸ್ಕ್ರೀನ್ ಮೇಲೆ ಅವರದೇ ವಿಳಾಸ ಕಾಣುತ್ತದೆ. ಅದನ್ನು ನೋಡಿದ ತಕ್ಷಣ ‘ಅಯ್ಯೋ, ಗೊತ್ತಾಗುತ್ತೆ’ ಅಂತ ಮುಚ್ಚಿಬಿಡುತ್ತಾರೆ. ಅದನ್ನು ಆಫ್ ಮಾಡಿ. ಒಬ್ಬರು ಎರಡು ಸಲ ತುಂಬಿದರೆ ತುಂಬಲಿ ಬಿಡಿ. ಫೈಲ್ ಅಪ್‌ಲೋಡ್ ಪ್ರಶ್ನೆಯನ್ನೂ ಇಡಬೇಡಿ, ಅದಕ್ಕೂ ಲಾಗಿನ್ ಬೇಕು.

ಮೈಕ್ರೋಸಾಫ್ಟ್ ಫಾರ್ಮ್ಸ್‌ನಲ್ಲಿ ಕಂಪನಿಯೊಳಗಿನವರಿಗೆ ಮಾತ್ರ ಅಂತ ಆರಿಸಿದಾಗ ‘ರೆಕಾರ್ಡ್ ನೇಮ್’ ಅನ್ನುವ ಟಿಕ್ ಇರುತ್ತದೆ. ಅದನ್ನು ತೆಗೆಯಲು ಮರೆತು ‘ಅನಾಮಧೇಯ ಸರ್ವೆ’ ಅಂತ ಕಳಿಸುವವರಿಗೆ ಲೆಕ್ಕವೇ ಇಲ್ಲ. ಕಳಿಸುವ ಮೊದಲು ಸಹೋದ್ಯೋಗಿಯೊಬ್ಬರಿಂದ ಒಂದು ಉತ್ತರ ತುಂಬಿಸಿ, ನಿಮ್ಮ ಕಡೆ ಏನೇನು ಕಾಣುತ್ತದೆ ನೋಡಿಕೊಳ್ಳಿ. ಆ ಸ್ಕ್ರೀನ್‌ಶಾಟನ್ನು ಟೀಮ್‌ಗೇ ತೋರಿಸಿದರೆ ಇನ್ನೂ ಒಳ್ಳೆಯದು.

ಉತ್ತರಗಳ ಶೀಟ್‌ನಲ್ಲಿ ಮೊದಲ ಕಾಲಂ ‘ಟೈಮ್‌ಸ್ಟ್ಯಾಂಪ್’, ಅಂದರೆ ಉತ್ತರ ಕಳಿಸಿದ ದಿನ ಮತ್ತು ಗಂಟೆ. ರಾತ್ರಿ 11.40ಕ್ಕೆ ಆನ್‌ಲೈನ್ ಇದ್ದವರು ಯಾರು ಅಂತ ಟೀಮ್‌ನಲ್ಲಿ ಎಲ್ಲರಿಗೂ ಗೊತ್ತು. ಶೀಟನ್ನು ಓದುವವರ ಹತ್ತಿರವೇ ಇಡಿ. ನಿಮ್ಮ ಕೈಗೆ ಬರುವುದರಲ್ಲಿ ಆ ಕಾಲಂ ಇರಬಾರದು, ಸಾಲುಗಳ ಕ್ರಮವನ್ನೂ ಕಲಸಿರಬೇಕು.

ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕ್ ಕಳಿಸಬೇಡಿ. ‘ನೀವು ಇನ್ನೂ ಭರ್ತಿ ಮಾಡಿಲ್ಲ’ ಅಂತ ಆಯ್ದ ನಾಲ್ಕು ಜನಕ್ಕೆ ನೆನಪಿನ ಮೇಲ್ ಹೋಯಿತು ಅಂದರೆ ಮುಗಿಯಿತು. ಯಾರು ತುಂಬಿದ್ದಾರೆ ಅಂತ ಯಾರಿಗೋ ಗೊತ್ತು ಅನ್ನುವುದನ್ನು ನೀವೇ ಒಪ್ಪಿಕೊಂಡಂತೆ. ನೆನಪಿಸುವುದಾದರೆ ಎಲ್ಲರಿಗೂ ಒಂದೇ ಮೆಸೇಜ್.

ಆಫೀಸಿನ ಲ್ಯಾಪ್‌ಟಾಪ್ ಬಗ್ಗೆ ಜನಕ್ಕೆ ಅನುಮಾನ ಇದ್ದೇ ಇರುತ್ತದೆ, ಅದು ತಪ್ಪೂ ಅಲ್ಲ. ಫಾರ್ಮ್‌ನ ಕ್ಯೂ.ಆರ್. ಕೋಡ್ ಅಂಟಿಸಿ, ಸ್ವಂತ ಮೊಬೈಲ್‌ನಲ್ಲಿ ಸ್ವಂತ ಡೇಟಾ ಬಳಸಿ ತುಂಬಬಹುದು ಅನ್ನಿ. ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕುವುದಂತೂ ಬೇಡವೇ ಬೇಡ. ಯಾರು ಯಾವುದಕ್ಕೆ ಒತ್ತಿದರು ಅನ್ನುವುದು ಗುಂಪಿನಲ್ಲಿರುವವರಿಗೆ ಕಾಣುತ್ತದೆ.

ಇನ್ನು ಪ್ರಶ್ನೆಗಳ ಮೂಲಕ ಸೋರುವ ಗುರುತು. ಅನುಭವ ಎಷ್ಟು ವರ್ಷ, ಗಂಡೋ ಹೆಣ್ಣೋ, ಯಾವ ಶಿಫ್ಟ್ ಅಂತ ಮೂರು ಪ್ರಶ್ನೆ ಕೇಳಿದರೆ ಹನ್ನೆರಡು ಜನರ ಟೀಮ್‌ನಲ್ಲಿ ಹೆಸರು ಕೇಳಿದ ಹಾಗೇ. ನೈಟ್ ಶಿಫ್ಟ್‌ನಲ್ಲಿ ಇರುವ ಹೆಂಗಸು ಒಬ್ಬರೇ ಇರಬಹುದು. ಈ ವಿವರಗಳು ಬೇಡ.

ಬೆಂಗಳೂರಿನ ಟೀಮ್‌ಗಳಲ್ಲಿ ಇನ್ನೊಂದು ತೂತಿದೆ: ಭಾಷೆ. ಕನ್ನಡದಲ್ಲೂ ಬರೆಯಬಹುದು ಅಂತ ಒಳ್ಳೆಯ ಮನಸ್ಸಿನಿಂದ ಹೇಳುತ್ತೇವೆ. ಟೀಮ್‌ನಲ್ಲಿ ಕನ್ನಡ ಬರೆಯುವವರು ಇಬ್ಬರೇ ಇದ್ದರೆ? ಹಾಗಂತ ಕನ್ನಡ ಬೇಡ ಅನ್ನಬೇಡಿ. ಮನಸ್ಸಿನ ಮಾತು ಹೊರಬರುವುದು ಮನೆಮಾತಿನಲ್ಲೇ. ಮೂಲ ಓದುವ ವ್ಯಕ್ತಿ ಎಲ್ಲ ಉತ್ತರಗಳನ್ನೂ ಒಂದೇ ಭಾಷೆಯಲ್ಲಿ, ತಮ್ಮ ಮಾತಿನಲ್ಲಿ ಬರೆದುಕೊಡಲಿ. ಪ್ರತಿ ವಾಕ್ಯದ ಕೊನೆಗೆ ಮೂರು ಚುಕ್ಕಿ ಇಡುವವರು, ಎಲ್ಲದಕ್ಕೂ ‘ಕೈಂಡ್ಲಿ’ ಸೇರಿಸುವವರು ಕೂಡ ಆಗ ಬಚಾವ್.

ಹಂತ 4: ಪ್ರಶ್ನೆಗಳು ಕಡಿಮೆ ಇರಲಿ, ಕೆಲಸದ ಬಗ್ಗೆ ಇರಲಿ

ಒಟ್ಟು ಆರು ಪ್ರಶ್ನೆ ಸಾಕು. ನಾಲ್ಕಕ್ಕೆ 1ರಿಂದ 5ರವರೆಗೆ ಅಂಕ, ಎರಡಕ್ಕೆ ಬರವಣಿಗೆ. ನಿಮಗೆ ಹೊಂದುವಂತೆ ಇವನ್ನು ಬದಲಿಸಿಕೊಳ್ಳಿ:

- ಕೆಲಸದಲ್ಲಿ ತಪ್ಪಾದಾಗ ಅದನ್ನು ಅವತ್ತೇ ಹೇಳಲು ನನಗೆ ಭಯ ಇಲ್ಲ.
- ಗೊತ್ತಿಲ್ಲದ್ದನ್ನು ಕೇಳಿದರೆ ಇಲ್ಲಿ ಯಾರೂ ಹಗುರವಾಗಿ ನೋಡುವುದಿಲ್ಲ.
- ಮ್ಯಾನೇಜರ್ ಹೇಳಿದ್ದು ಸರಿಯಿಲ್ಲ ಅನ್ನಿಸಿದರೆ ಅವರ ಎದುರೇ ಹೇಳಬಲ್ಲೆ.
- ಡೆಡ್‌ಲೈನ್ ತಪ್ಪುವ ಸೂಚನೆ ಕಂಡರೆ ಮೊದಲೇ ತಿಳಿಸುತ್ತೇನೆ.
- ಹೋದ ತಿಂಗಳು ಹೇಳಬೇಕು ಅನ್ನಿಸಿಯೂ ಹೇಳದೆ ಬಿಟ್ಟ ವಿಷಯ ಯಾವುದು? ಯಾಕೆ ಬಿಟ್ಟಿರಿ?
- ನಿಮ್ಮ ಮ್ಯಾನೇಜರ್ ನಾಳೆಯಿಂದಲೇ ಬದಲಿಸಬಹುದಾದ ಒಂದು ಅಭ್ಯಾಸ ಯಾವುದು?

ಐದನೆಯದನ್ನು ಬಿಡಬೇಡಿ. ಜನ ನಿಜವಾಗಿ ಬಾಯಿ ಬಿಡುವುದು ಅಲ್ಲೇ. ‘ಯಾರ ವರ್ತನೆಯಿಂದ ತೊಂದರೆ ಆಗಿದೆ?’ ಅಂತ ಕೇಳಬೇಡಿ. ಹೆಸರಿಲ್ಲದ ಕಡೆ ಇನ್ನೊಬ್ಬರ ಹೆಸರು ಕೇಳಿದರೆ ಹಳೆ ಜಗಳಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ‘ಟೀಮ್‌ನ ವಾತಾವರಣ ಮತ್ತು ಕೆಲಸದ ಹಂಚಿಕೆ ಹೇಗಿದೆ?’ ಅಂತ ಎರಡನ್ನು ಒಂದರಲ್ಲಿ ತುರುಕಬೇಡಿ, ಉತ್ತರ ಯಾವುದಕ್ಕೆ ಅಂತ ತಿಳಿಯುವುದಿಲ್ಲ.

ಹಂತ 5: ಈ ಫಾರ್ಮ್ ಯಾವುದಕ್ಕೆ ಅಲ್ಲ ಅಂತ ಬರೆಯಿರಿ

ಲೈಂಗಿಕ ಕಿರುಕುಳದ ವಿಷಯ ಇಲ್ಲಿ ಬರೆದರೆ ಕಾನೂನಿನ ಲೆಕ್ಕದಲ್ಲಿ ದೂರು ಆಗುವುದಿಲ್ಲ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಫಾರ್ಮ್‌ನಲ್ಲಿ ಬರೆದೆ, ಕ್ರಮ ಆಗುತ್ತೆ ಅಂತ ಯಾರಾದರೂ ಕಾಯುತ್ತ ಕೂತರೆ ಆ ಗಡುವು ಮೀರಿಹೋಗಬಹುದು. ಆದ್ದರಿಂದ ನಿಮ್ಮ ಆಂತರಿಕ ಸಮಿತಿಯನ್ನು ಸಂಪರ್ಕಿಸುವುದು ಹೇಗೆ ಅನ್ನುವುದನ್ನು ಫಾರ್ಮ್‌ನ ಮೇಲ್ಭಾಗದಲ್ಲೇ ಹಾಕಿ.

ಯಾರಾದರೂ ಬದುಕೇ ಬೇಡ ಅನ್ನುವ ಧಾಟಿಯಲ್ಲಿ ಬರೆದರೆ? ಯಾರು ಅಂತ ಹುಡುಕಲು ಪತ್ತೇದಾರಿ ಶುರು ಮಾಡಬೇಡಿ. ಅವತ್ತೇ ಇಡೀ ಟೀಮ್‌ಗೆ ಸಹಾಯವಾಣಿಯ ನಂಬರ್ ಕಳಿಸಿ, ಮಾತಾಡಲು ಯಾರು ಸಿಗುತ್ತಾರೆ ಅಂತ ತಿಳಿಸಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರ್ ಫಾರ್ಮ್‌ನಲ್ಲಿ ಮೊದಲೇ ಇದ್ದರೆ ಇನ್ನೂ ಒಳ್ಳೆಯದು.

ಹಂತ 6: ಓದುವಾಗ ಕೈಕಟ್ಟಿ ಕೂತುಕೊಳ್ಳಿ

ಸಾರಾಂಶ ಕೈಗೆ ಬಂದ ದಿನ ಯಾರಿಗೂ ಏನೂ ಹೇಳಬೇಡಿ. ಒಂದು ರಾತ್ರಿ ಕಳೆಯಲಿ. ಮೊದಲ ಓದಿನಲ್ಲಿ ಸಿಟ್ಟು ಬರುತ್ತದೆ, ‘ಇದನ್ನು ಬರೆದದ್ದು ಅವನೇ’ ಅಂತ ಮನಸ್ಸು ಹೇಳುತ್ತದೆ. ಆ ಊಹೆ ಎಷ್ಟೋ ಸಲ ತಪ್ಪಿರುತ್ತದೆ. ಸರಿಯಿದ್ದರೂ ಅದರಿಂದ ನಿಮಗೆ ಲಾಭ ಇಲ್ಲ. ‘ಇದು ಯಾರಪ್ಪಾ ಬರೆದಿದ್ದು?’ ಅಂತ ತಮಾಷೆಗೆ ಕೇಳುವುದೂ ಬೇಡ. ಮ್ಯಾನೇಜರ್‌ನ ತಮಾಷೆಗೆ ಎಲ್ಲರೂ ನಗುತ್ತಾರೆ, ಮುಂದಿನ ಸಲ ಯಾರೂ ಬರೆಯುವುದಿಲ್ಲ.

ಆಮೇಲೆ ಮೂರು ಪಟ್ಟಿ ಮಾಡಿ. ಈ ವಾರವೇ ಸರಿಮಾಡಬಹುದಾದದ್ದು. ಸಮಯ ಬೇಕಾದದ್ದು, ಅಥವಾ ಮೇಲಿನವರನ್ನು ಕೇಳಬೇಕಾದದ್ದು. ಆಗುವುದೇ ಇಲ್ಲದ್ದು. ಮೂರನೆಯ ಪಟ್ಟಿಯನ್ನೂ ಟೀಮ್‌ಗೆ ಹೇಳಬೇಕು, ಕಾರಣ ಸಹಿತ.

ಒಬ್ಬರ ಮೇಲೆ ಬಂದ ಒಂದೇ ಒಂದು ಆರೋಪವನ್ನು ಸತ್ಯ ಅಂತಲೂ ತೆಗೆದುಕೊಳ್ಳಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಅದರ ಆಧಾರದ ಮೇಲೆ ಯಾರ ಅಪ್ರೈಸಲ್‌ನಲ್ಲೂ ಒಂದಕ್ಷರ ಬರೆಯಬೇಡಿ. ಆ ವಿಷಯದ ಮೇಲೆ ಕಣ್ಣಿಟ್ಟಿರಿ, ನಿಮಗೇ ಕಂಡದ್ದರ ಮೇಲೆ ಮಾತಾಡಿ.

12 ಜನರಲ್ಲಿ ಮೂವರೇ ತುಂಬಿದ್ದರೆ ಅಂಕಗಳನ್ನು ನೋಡಲೇಬೇಡಿ. ಒಂಬತ್ತು ಜನ ನಂಬಲಿಲ್ಲ ಅನ್ನುವುದೇ ಅಲ್ಲಿರುವ ಉತ್ತರ. ‘ಮೂವರು ಮಾತ್ರ ಬರೆದಿರಿ, ಅದಕ್ಕೆ ನಾನು ಓದದೆ ಅಳಿಸಿದ್ದೇನೆ. ಇದನ್ನು ನಂಬುವ ಹಾಗೆ ಮಾಡಲು ಏನು ಬೇಕು?’ ಅಂತ ಹೇಳಿ, ಇನ್ನೊಮ್ಮೆ ಪ್ರಯತ್ನಿಸಿ.

ಹಂತ 7: ಒಂದು ವಾರದೊಳಗೆ ಟೀಮ್ ಮುಂದೆ ಕೂತು ಹೇಳಿ

ಮೇಲ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಎದುರು ಕೂತು ಹೇಳಿ. ಯಾರ ವಾಕ್ಯವನ್ನೂ ಹಾಗೇ ಸ್ಕ್ರೀನ್ ಮೇಲೆ ಹಾಕಬೇಡಿ. ಒಂದು ಉದಾಹರಣೆ. ಫಾರ್ಮ್‌ನಲ್ಲಿ ‘ಸ್ಟ್ಯಾಂಡಪ್‌ನಲ್ಲಿ ಕೆಲಸ ತಡ ಆಗಿದೆ ಅಂದ್ರೆ ಎಲ್ಲರ ಮುಂದೆ ಯಾಕೆ ಯಾಕೆ ಅಂತ ಕೇಳ್ತಾರೆ, ಅದಕ್ಕೆ ಮುಗೀತಾ ಬಂತು ಅಂದುಬಿಡ್ತೀನಿ’ ಅಂತ ಬಂದಿದೆ ಅಂದುಕೊಳ್ಳಿ. ಸ್ಟ್ಯಾಂಡಪ್ ಅಂದರೆ ದಿನಾ ಬೆಳಗ್ಗೆ ನಿಂತೇ ಮಾಡುವ ಹದಿನೈದು ನಿಮಿಷದ ಮೀಟಿಂಗ್. ನೀವು ಹೀಗೆ ಹೇಳಬಹುದು:

‘ಬೆಳಗಿನ ಮೀಟಿಂಗ್‌ನಲ್ಲಿ ತಡ ಆಗಿದ್ದನ್ನು ಹೇಳುವುದು ಕಷ್ಟ ಅಂತ ಗೊತ್ತಾಯಿತು. ನಾನು ಎಲ್ಲರ ಮುಂದೆ ಕಾರಣ ಕೇಳುತ್ತಿದ್ದೆ. ಸೋಮವಾರದಿಂದ ಅಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: ಯಾರ ಸಹಾಯ ಬೇಕು? ಕಾರಣ ಬೇಕಿದ್ದರೆ ಆಮೇಲೆ ಪ್ರತ್ಯೇಕವಾಗಿ ಕೇಳುತ್ತೇನೆ. ನಾನು ಮರೆತರೆ ಅಲ್ಲೇ ನೆನಪಿಸಿ.’

ಅಷ್ಟೇ. ಸಮರ್ಥನೆ ಬೇಡ, ‘ನಾನು ಕೇಳುತ್ತಿದ್ದದ್ದು ನಿಮ್ಮ ಒಳ್ಳೆಯದಕ್ಕೇ’ ಅನ್ನುವ ಬಾಲಂಗೋಚಿ ಬೇಡ. ಸೋಮವಾರ ಬಂದಾಗ ಹೇಳಿದ ಹಾಗೇ ನಡೆದುಕೊಳ್ಳಿ. ಒಂದೋ ಎರಡೋ ಬದಲಾವಣೆ ಸಾಕು, ಆದರೆ ಕಣ್ಣಿಗೆ ಕಾಣಬೇಕು. ಹತ್ತು ಭರವಸೆ ಕೊಟ್ಟು ಎಂಟನ್ನು ಮರೆತರೆ ಜನ ನೆನಪಿಟ್ಟುಕೊಳ್ಳುವುದು ಆ ಎಂಟನ್ನು.

ಕಂಪ್ಯೂಟರ್ ಇಲ್ಲದ ಕಡೆ

ಗಾರ್ಮೆಂಟ್ಸ್, ಪೀಣ್ಯದಂಥ ಕಡೆಯ ವರ್ಕ್‌ಶಾಪ್, ಹೋಟೆಲ್, ಆಸ್ಪತ್ರೆ ಇಂಥ ಕಡೆ ಸಲಹಾ ಪೆಟ್ಟಿಗೆಯೇ ಗತಿ. ಪೆಟ್ಟಿಗೆ ಗೋಡೆಯ ಮೇಲೆ ಇರುತ್ತದೆ, ಅದರ ಮೇಲೊಂದು ಸಿಸಿಟಿವಿ ಕ್ಯಾಮೆರಾ, ಎದುರಿಗೆ ಸೂಪರ್‌ವೈಸರ್ ಮೇಜು. ಅದರಲ್ಲಿ ಚೀಟಿ ಹಾಕುವ ಧೈರ್ಯ ಯಾರಿಗಿದೆ? ಊಟದ ಕೋಣೆ ಹತ್ತಿರ, ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ ತೂಗುಹಾಕಿ. ಎರಡು ಬೀಗ ಇರಲಿ, ಒಂದರ ಕೀಲಿ ಕಾರ್ಮಿಕರ ಪ್ರತಿನಿಧಿ ಹತ್ತಿರ ಇರಲಿ. ಕೈಬರಹದಿಂದ ಗುರುತು ಸಿಗುತ್ತದೆ, ಬರೆಯಲು ಬಾರದವರೂ ಇರುತ್ತಾರೆ. ಅದಕ್ಕೆ ಟಿಕ್ ಹಾಕುವ ಚೀಟಿ ಅಚ್ಚು ಮಾಡಿಸಿ. ಎಲ್ಲರಿಗೂ ಒಂದೊಂದು ಕೊಟ್ಟು, ಖಾಲಿ ಚೀಟಿಯನ್ನಾದರೂ ಎಲ್ಲರೂ ಹಾಕಬೇಕು ಅನ್ನಿ. ಆಗ ಪೆಟ್ಟಿಗೆ ಹತ್ತಿರ ಹೋದವರು ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಹಂತ 8: ನಿಧಾನಕ್ಕೆ ಹೆಸರಿನ ಕಡೆ ಕರೆತನ್ನಿ

ಹೆಸರಿಲ್ಲದ ಮಾತಿಗೆ ಒಂದು ಮಿತಿ ಇದೆ: ಮರುಪ್ರಶ್ನೆ ಕೇಳಲು ಆಗುವುದಿಲ್ಲ. ‘ಕೆಲಸ ಹಂಚಿಕೆಯಲ್ಲಿ ಪಕ್ಷಪಾತ ಇದೆ’ ಅಂತ ಬಂದರೆ ಯಾವ ಕೆಲಸ, ಯಾವಾಗ ಅಂತ ಯಾರನ್ನು ಕೇಳುತ್ತೀರಿ? ಆದ್ದರಿಂದ ಎರಡನೇ ಸುತ್ತಿನಿಂದ ಫಾರ್ಮ್ ಕೊನೆಯಲ್ಲಿ ‘ಇಷ್ಟ ಇದ್ದರೆ ಮಾತ್ರ ಹೆಸರು ಬರೆಯಿರಿ’ ಅಂತ ಒಂದು ಖಾಲಿ ಜಾಗ ಇಡಿ. ಆ ಹೆಸರು ಮೂಲ ಓದುವವರಿಗೆ ಮಾತ್ರವೋ, ನಿಮಗೂ ತಲುಪುತ್ತದೋ ಅಂತ ಅಲ್ಲೇ ತಿಳಿಸಿ. ಎಷ್ಟು ಜನ ಬರೆದರು ಅಂತ ಪ್ರತಿ ಸುತ್ತಿನಲ್ಲೂ ಎಣಿಸಿ. ಅಂಕಗಳ ಸರಾಸರಿಗಿಂತ ನಾನು ಈ ಎಣಿಕೆಯನ್ನೇ ಜಾಸ್ತಿ ನಂಬುತ್ತೇನೆ.

ಜೊತೆಗೆ ಮೀಟಿಂಗ್‌ನಲ್ಲಿ ಮೊದಲ ತಪ್ಪನ್ನು ನೀವೇ ಹೇಳಿ. ದೊಡ್ಡ ಕಥೆ ಬೇಡ. ‘ಹೋದ ವಾರ ಕ್ಲೈಂಟ್‌ಗೆ ತಪ್ಪು ದಿನಾಂಕ ಹೇಳಿದ್ದೆ, ಇವತ್ತು ಸರಿಮಾಡಿದೆ’ ಅಂದರೆ ಸಾಕು. ಕೆಟ್ಟ ಸುದ್ದಿಯನ್ನು ಮೊದಲೇ ತಂದವರಿಗೆ ‘ಈಗಲೇ ಹೇಳಿದ್ದು ಒಳ್ಳೆಯದಾಯಿತು’ ಅನ್ನಿ, ಆಮೇಲೆ ಪರಿಹಾರಕ್ಕೆ ಹೋಗಿ. ಈ ಕ್ರಮ ತಲೆಕೆಳಗಾಗಬಾರದು.

ಹೆಸರು ಬರೆಯುವವರು ಜಾಸ್ತಿಯಾದರು ಅಂತ ಫಾರ್ಮನ್ನು ನಿಲ್ಲಿಸಬೇಡಿ. ಹೊಸಬರು ಸೇರುತ್ತಿರುತ್ತಾರೆ, ಅವರಿಗೆ ನಿಮ್ಮ ಪರಿಚಯ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಳಿಸಿ, ಪ್ರಶ್ನೆಗಳನ್ನು ಬದಲಿಸಬೇಡಿ. ಪ್ರತಿ ಸಲ ಮೇಲ್ಗಡೆ ಎರಡು ಸಾಲು ಸೇರಿಸಿ: ಹೋದ ಸಲ ಏನು ಹೇಳಿದ್ದಿರಿ, ಅದರಲ್ಲಿ ಏನು ಬದಲಾಯಿತು. ಆ ಎರಡನೇ ಸಾಲು ಬರೆಯಲು ಏನೂ ಇಲ್ಲದಿದ್ದರೆ ಫಾರ್ಮನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಮೊದಲು ಆ ಕೆಲಸ ಮಾಡಿ.